ಟೆನಿಸ್ ನಂಬಿಕೊಂಡು ಅಮೆರಿಕಕ್ಕೆ ಹೋಗಬಹುದಾ?

ಮಗಳು ಟೆನಿಸ್ ಆಡುತ್ತಾಳೆ, ಅಮೆರಿಕದ ಕಾಲೇಜುಗಳು ಈಗ ಆಟಗಾರರಿಗೆ ದುಡ್ಡು ಕೊಡುತ್ತವಂತೆ, ಅವಳಿಗೂ ಸಿಗುತ್ತಾ ಅಂತ ಕೇಳಿದ್ದೀರಿ. ಸ್ಕಾಲರ್‌ಶಿಪ್‌ಗೆ ಪ್ರಯತ್ನಿಸಿ, ಆದರೆ ಆ ದುಡ್ಡಿನ ಆಸೆ ಬಿಡಿ.

2021ರ ಜುಲೈನಿಂದ ಅಲ್ಲಿನ ಆಟಗಾರರು ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜೂನ್‌ನಲ್ಲಿ, ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ ಕೋರ್ಟು ಒಂದು ರಾಜಿಗೆ ಒಪ್ಪಿತು, ಈಗ ಯೂನಿವರ್ಸಿಟಿಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅದರ ದೊಡ್ಡ ಪಾಲು ಹೋಗುವುದು ಫುಟ್‌ಬಾಲಿಗೆ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು), ಆಮೇಲೆ ಹುಡುಗರ ಬ್ಯಾಸ್ಕೆಟ್‌ಬಾಲಿಗೆ. ಟೆನಿಸ್, ಈಜು ಇಂಥವನ್ನೆಲ್ಲ ಇಷ್ಟು ವರ್ಷ ಸಾಕಿದ್ದೂ ದೊಡ್ಡ ಯೂನಿವರ್ಸಿಟಿಗಳಲ್ಲಿ ಅದೇ ಫುಟ್‌ಬಾಲ್ ದುಡ್ಡು, ಈಗ ಅದು ಆಟಗಾರರ ಜೇಬಿಗೆ ಹೋದರೆ ಕತ್ತರಿ ಬೀಳುವುದು ಇವಕ್ಕೇ. ಟೆಕ್ಸಾಸ್ ಯೂನಿವರ್ಸಿಟಿಯ ಎಲ್ ಪಾಸೊ ಕ್ಯಾಂಪಸ್ 2025ರಲ್ಲಿ ಹುಡುಗಿಯರ ಟೆನಿಸ್ ತಂಡವನ್ನೇ ನಿಲ್ಲಿಸಿತು. ಟೆನೆಸಿ ಯೂನಿವರ್ಸಿಟಿಯಂತೂ ಆಟಗಾರರಿಗೆ ಕೊಡೋಕೆ ಅಂತ ಫುಟ್‌ಬಾಲ್ ಟಿಕೆಟ್ ಮೇಲೆ ಶೇ. 10 'ಪ್ರತಿಭಾ ಶುಲ್ಕ' ಹಾಕಿದೆ. ಕಾಲೇಜೋ ಕಂಪನಿಯೋ!

ಇನ್ನೊಂದು ತೊಡಕು ವೀಸಾ. ನಮ್ಮ ಮಕ್ಕಳು ಹೋಗುವುದು ಎಫ್-1 ಅನ್ನೋ ವಿದ್ಯಾರ್ಥಿ ವೀಸಾ ಮೇಲೆ, ಅದರಲ್ಲಿ ದುಡಿಯೋಕೆ ಬಿಗಿ ನಿಯಮಗಳಿವೆ. ಜಾಹೀರಾತಿನ ದುಡ್ಡು ಮುಟ್ಟಿದರೆ ವೀಸಾಕ್ಕೇ ಕುತ್ತು ಬರಬಹುದು.

ಯಾವುದಾದರೂ ಕೋಚ್ ಕರೆದರೆ, ತಂಡ ನಿಂತುಹೋದರೂ ಸ್ಕಾಲರ್‌ಶಿಪ್ ಡಿಗ್ರಿ ಮುಗಿಯುವವರೆಗೆ ಇರುತ್ತಾ ಅಂತ ಮೇಲ್‌ನಲ್ಲೇ ಕೇಳಿ, ಸುಮ್ನೆ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.