ಎಂಟು ಟಿಪ್ಪರ್ ಗರಸು, ಎಷ್ಟು ಬ್ರಾಸ್?

(ಓದುಗರ ಪ್ರಶ್ನೆಗಳಿಗೆ ನಿವೃತ್ತ ರಸ್ತೆ ಎಂಜಿನಿಯರ್ ಉತ್ತರ)

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ಹೊಳೆ ಬಂದು ಊರ ರಸ್ತೆ ಕಿತ್ತುಹೋಯಿತು. 12 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳದ ತಗ್ಗು ಬಿತ್ತು. ವಿಪತ್ತು ನಿಧಿಯ ಕೆಲಸ ಅಂತ ಎಂಟು ಟಿಪ್ಪರ್ ಗರಸು ಸುರಿದು ಹೋದರು. ಮುಂದಿನ ಮಳೆಗೇ ಅರ್ಧ ಕೊಚ್ಚಿಕೊಂಡು ಹೋಯಿತು. ಡಾಂಬರು ಯಾವಾಗ ಅಂದರೆ "ಇದರಲ್ಲಿ ಡಾಂಬರು ಬರಲ್ಲ" ಅಂತಾರೆ. ದುಡ್ಡು ನುಂಗಿದ್ದಾರೋ, ನಿಯಮವೇ ಹಾಗೋ?

ಉತ್ತರ: ಡಾಂಬರಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ಗರಸಿನ ಲೆಕ್ಕ ಮಾತ್ರ ನೀವು ಕೇಳಲೇಬೇಕು.

ಈ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಇರುವ ನಿಧಿ ಇದು. ನಮ್ಮಂಥ ರಾಜ್ಯಗಳಿಗೆ ನೂರರಲ್ಲಿ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ರಸ್ತೆ ಮಟ್ಟಿಗೆ ಇದರ ಉದ್ದೇಶ ಒಂದೇ: ನಿಂತುಹೋದ ಓಡಾಟ ಮತ್ತೆ ಶುರುವಾಗಬೇಕು. ಒಡೆದ ಏರಿ ತುಂಬುವುದು, ನೀರು ಹೋಗಲು ಪೈಪ್ ಹಾಕುವುದು, ಕಲ್ಲು ಪಿಚಿಂಗ್ (ಏರಿಯ ಇಳಿಜಾರು ಕೊರೆಯದಂತೆ ಕಲ್ಲು ಜೋಡಿಸುವುದು), ಸಿಡಿ (ರಸ್ತೆಯಡಿ ನೀರು ದಾಟುವ ಮೋರಿ) ರಿಪೇರಿ, ಸೇತುವೆ ಪಕ್ಕ ತಾತ್ಕಾಲಿಕ ದಾರಿ, ಹಾಳಾದ ಕಡೆ ಖಡಿ-ಗರಸಿನ ಪದರ. ನಿಯಮದಲ್ಲಿ ಹೇಳಿರುವುದು ಇಂಥ ಕೆಲಸಗಳನ್ನು. 2019ರ ಮಹಾಪೂರದ ಹೊತ್ತಿಗೆ ಜಾರಿಯಲ್ಲಿದ್ದ 2015–20ರ ದರ ನೋಡಿದರೆ ನಿಮಗೇ ಅರ್ಥವಾಗುತ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗೆ ಕಿಲೋಮೀಟರಿಗೆ 1 ಲಕ್ಷ ರೂಪಾಯಿ. ಹಳ್ಳಿ ರಸ್ತೆಗೆ 60 ಸಾವಿರ. ಒಂದು ಕಿಲೋಮೀಟರ್ ಡಾಂಬರು ರಸ್ತೆ ಹೊಸದಾಗಿ ಮಾಡಲು ಹತ್ತಾರು ಲಕ್ಷ ಬೇಕು. 60 ಸಾವಿರದಲ್ಲಿ ಯಾವ ಡಾಂಬರು ಬರುತ್ತೆ ಹೇಳಿ?

ಈಗ ಗರಸಿಗೆ ಬರೋಣ. ನೀವು ಅಳತೆ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಜನ "ದೊಡ್ಡ ತಗ್ಗು" ಅಂತಷ್ಟೇ ಬರೆಯುತ್ತಾರೆ. 12ನ್ನು 4ರಿಂದ, ಮತ್ತೆ 2ರಿಂದ ಗುಣಿಸಿದರೆ 96 ಘನ ಮೀಟರ್. ಒಂದು ಬ್ರಾಸ್ ಅಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಹಾಗಾದರೆ ಆ ತಗ್ಗಿಗೆ ಹಿಡಿಯುವುದು 34 ಬ್ರಾಸ್. ನೀರು ಹಾಕಿ ರೋಲರ್ ಹೊಡೆದರೆ ಗರಸು ಕುಗ್ಗುತ್ತೆ, ಆದ್ದರಿಂದ 40 ಬ್ರಾಸ್ ಮೇಲೇ ತರಿಸಬೇಕು. ಎರಡು ಬ್ರಾಸಿನ ಸಣ್ಣ ಟಿಪ್ಪರ್ ಆದರೆ ಎಂಟು ಟ್ರಿಪ್‌ಗೆ 16 ಬ್ರಾಸ್. ಅರ್ಧ ತಗ್ಗೂ ತುಂಬಲ್ಲ. ಹತ್ತು ಗಾಲಿಯ ಗಾಡಿ ಆದರೆ ಅದರ ದುಪ್ಪಟ್ಟು ತರುತ್ತೆ, ಆಗ 32 ಬ್ರಾಸ್ ಆಯಿತು. ನಡುವೆ ಪೈಪ್ ಕೂಡ ಕೂರಿಸಿದ್ದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತೆ. ಅದಕ್ಕೇ ಕೇಳುತ್ತೇನೆ, ಬಂದ ಟಿಪ್ಪರ್‌ಗೆ ಗಾಲಿ ಎಷ್ಟಿದ್ದವು? ಚಹಾದ ಅಂಗಡಿ ಮುಂದೆ ಕೂತವರಲ್ಲಿ ಯಾರಾದರೂ ನೋಡಿರುತ್ತಾರೆ. ಅದು ಗೊತ್ತಾಗುವವರೆಗೆ ಕಳ್ಳತನದ ಮಾತು ಬೇಡ.

ಗೊತ್ತಾದ ಮೇಲೆ ಎಂ.ಬಿ. ಕೇಳಿ. ಎಂ.ಬಿ. ಅಂದರೆ ಅಳತೆ ಪುಸ್ತಕ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆದ ಅಂಕಿಗಳ ಮೇಲೆಯೇ ಬಿಲ್ ಆಗುತ್ತೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಕೊಡಿ. ಎಸ್ಟಿಮೇಟ್, ಎಂ.ಬಿ. ಪುಟಗಳು, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊ, ಇಷ್ಟರ ಪ್ರತಿ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. "ಟೆಂಡರೇ ಕರೆದಿಲ್ಲ" ಅಂತ ದೂರು ಬರೆದು ಕಾಲ ಕಳೆಯಬೇಡಿ. ನೈಸರ್ಗಿಕ ವಿಪತ್ತಿನ ಹೊತ್ತಿನಲ್ಲಿ ಟೆಂಡರ್ ಇಲ್ಲದೆ ಕೆಲಸ ಕೊಡಲು ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ 4(ಎ) ಅವಕಾಶ ಕೊಡುತ್ತೆ. ಟೆಂಡರ್ ಇಲ್ಲದ ಕೆಲಸಕ್ಕೆ ಎಂ.ಬಿ. ಒಂದೇ ಸಾಕ್ಷಿ.

ಕೊಚ್ಚಿಹೋದದ್ದಕ್ಕೆ ಗರಸು ಕಡಿಮೆ ಆದದ್ದೊಂದೇ ಕಾರಣ ಇರಲಿಕ್ಕಿಲ್ಲ. ರಸ್ತೆ ಒಡೆಯುವುದು ಸಾಮಾನ್ಯವಾಗಿ ನೀರಿಗೆ ದಾರಿ ಸಾಲದ ಜಾಗದಲ್ಲಿ. ಹಳೆಯ ಸಿಡಿ ಹೂಳು ತುಂಬಿ ಮುಚ್ಚಿರುತ್ತೆ, ಇಲ್ಲವೇ ಮೊದಲೇ ಸಣ್ಣದಿರುತ್ತೆ. ಅಲ್ಲಿ ಸುಮ್ನೆ ಗರಸು ಸುರಿದರೆ ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿದಂತೆ. ಅದರಲ್ಲೂ ನಿಮ್ಮದು ಎರೆಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬಿ ಬೆಣ್ಣೆಯಂತಾಗುತ್ತೆ, ಮೇಲೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬಂದರೆ ಗರಸು ಒಳಗೇ ಇಳಿಯುತ್ತೆ. ಅರ್ಜಿಯಲ್ಲಿ ಡಾಂಬರು ಕೇಳುವ ಬದಲು ಪೈಪ್ ಮತ್ತು ಪಿಚಿಂಗ್ ಕೇಳಿ. ಅವೆರಡೂ ಇದೇ ನಿಧಿಯಲ್ಲಿ ಆಗುವ ಕೆಲಸ. ಶಾಶ್ವತ ರಸ್ತೆಗೆ ಬೇರೆ ಎಸ್ಟಿಮೇಟ್ ಆಗಬೇಕು, ದುಡ್ಡೂ ಬೇರೆ ಕಡೆಯಿಂದ ಬರಬೇಕು. ಇಲಾಖೆಯ ಸ್ವಂತ ಅನುದಾನ ಇರಬಹುದು, ನಬಾರ್ಡ್ ಸಾಲ ಇರಬಹುದು. 15ನೇ ಹಣಕಾಸು ಆಯೋಗ 2021–26ರ ವಿಪತ್ತು ಹಣದಲ್ಲಿ ಮರುನಿರ್ಮಾಣಕ್ಕೆ ಅಂತ 30 ಪಾಲು ಬೇರೆಯೇ ಎತ್ತಿಟ್ಟಿತ್ತು.

ಇನ್ನೊಂದು ಮಾತು. ರಸ್ತೆ ಯಾರದ್ದು ಅಂತ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ, ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೂತಿರುತ್ತೆ.

ಪ್ರಶ್ನೆ: ನಾವು ಚಿಕ್ಕೋಡಿ ಕಡೆಯವರು. ಕಬ್ಬಿನ ಗಾಡಿ ನಿಲ್ಲಬಾರದು ಅಂತ ಊರವರೇ ಪಟ್ಟಿ ಎತ್ತಿ ರಸ್ತೆ ಸರಿ ಮಾಡಿಸಿದೆವು. ಆ ದುಡ್ಡು ಸರ್ಕಾರದಿಂದ ವಾಪಸ್ ಬರುತ್ತಾ?

ಉತ್ತರ: ಬರಲ್ಲ. ಊರವರು ಖರ್ಚು ಮಾಡಿದ್ದನ್ನು ಮರಳಿ ಕೊಡುವ ಬಾಬತ್ತು ಈ ನಿಯಮದಲ್ಲಿಲ್ಲ. ನೀವು ಮಾಡಿದ್ದು ತಪ್ಪು ಅನ್ನುತ್ತಿಲ್ಲ, ಕಾರ್ಖಾನೆ ಶುರುವಾದ ಮೇಲೆ ಯಾರು ಕಾಯುತ್ತಾರೆ? ಆದರೆ ತಗ್ಗು ಮುಚ್ಚಿದ ಮೇಲೆ ಹಾನಿಯ ಪುರಾವೆಯೂ ಮುಚ್ಚಿಹೋಗುತ್ತೆ. ಮುಂದಿನ ಸಲ ಗರಸು ಹಾಕುವ ಮೊದಲು ಟೇಪ್ ಹಿಡಿದು ಫೋಟೊ ತೆಗೆಯಿರಿ. ತಹಶೀಲ್ದಾರರಿಗೆ ಮತ್ತು ರಸ್ತೆ ಯಾರದ್ದೋ ಆ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ನೀರು ಇಳಿದ ವಾರದಲ್ಲೇ ಇದು ಆಗಬೇಕು. ಬಯಲು ಸೀಮೆಯಲ್ಲಿ ಇಂಥ ತುರ್ತು ಕೆಲಸಕ್ಕೆ 2015–20ರ ನಿಯಮ ಕೊಟ್ಟಿದ್ದ ಗಡುವು 30 ದಿನ, ತೀವ್ರ ವಿಪತ್ತಾದರೆ 45.

ಪ್ರಶ್ನೆ: ತಾಳಿಕೋಟೆ ಹತ್ತಿರದವನು ನಾನು. ಡೋಣಿ ಹೊಳೆ ತುಂಬಿದಾಗೆಲ್ಲ ತಗ್ಗಿನ ಸೇತುವೆ ಮುಳುಗುತ್ತೆ. ಎತ್ತರದ ಸೇತುವೆ ಈ ನಿಧಿಯಲ್ಲಿ ಆಗುತ್ತಾ?

ಉತ್ತರ: ಇಲ್ಲ. ಕಿತ್ತುಹೋದ ಕಟಾಂಜನ, ಕೊರೆದುಹೋದ ಎರಡೂ ಬದಿಯ ಏರು, ಇಷ್ಟು ರಿಪೇರಿ ಆಗುತ್ತೆ. ಹೊಸ ಸೇತುವೆ ಬಂಡವಾಳದ ಕೆಲಸ, ಬಜೆಟ್ಟಿನಲ್ಲಿ ಸೇರಬೇಕು. ಆದರೂ ಸೇತುವೆ ಮುಳುಗಿದ ಪ್ರತಿ ಸಲದ ತಾರೀಖು, ಎಷ್ಟು ತಾಸು ದಾರಿ ಬಂದ್ ಆಗಿತ್ತು, ನೀರು ಎಲ್ಲಿವರೆಗೆ ಏರಿತ್ತು ಅಂತ ಬರೆದಿಡಿ. ಹತ್ತಿರದ ಗೋಡೆಗೋ ಕಂಬಕ್ಕೋ ಬಣ್ಣದಲ್ಲಿ ಗೆರೆ ಎಳೆದಿಡಿ. ಹೊಸ ಸೇತುವೆಯ ಎತ್ತರ ನಿಗದಿ ಮಾಡಲು ಬರುವ ಎಂಜಿನಿಯರ್ ಮೊದಲು ಹುಡುಕುವುದೇ ಆ ಗೆರೆಯನ್ನು.