ಶುಗರ್ ಮೀಟರ್ ಬೀರುವಿನಲ್ಲಿಟ್ಟು ಬೀಗ ಹಾಕಿದವರಿಗೆ

ಪ್ರಶ್ನೆ: ನನಗೆ 52 ವರ್ಷ, ಕಲಬುರಗಿ. ಶುಗರ್ ಜಾಸ್ತಿ ಬಂದರೆ ಮನೆಯವರೆಲ್ಲ ಬೈಯುತ್ತಾರೆ. ಮದುವೆಗೆ ಹೋದರೂ ನನ್ನ ತಾಟಿನ ಮೇಲೇ ಎಲ್ಲರ ಕಣ್ಣು. ಬೇಸತ್ತು ಚೆಕ್ ಮಾಡುವುದನ್ನೇ ಬಿಟ್ಟಿದ್ದೇನೆ. ಬರೀ ಮಾತ್ರೆ ನಡೆದಿದೆ. ಟೆನ್ಷನ್ ಕಡಿಮೆ ಮಾಡುವುದು ಹೇಗೆ?

ಉತ್ತರ: ಇದೇ ಪತ್ರ ಬೇರೆ ಬೇರೆ ಊರಿನಿಂದ ಬರುತ್ತಲೇ ಇರುತ್ತದೆ. "ಟೆನ್ಷನ್ ಮಾಡ್ಕೋಬೇಡಿ" ಎಂದು ನಾನಂತೂ ಹೇಳುವುದಿಲ್ಲ. ಹಾಗೆ ಹೇಳಿದ್ದಕ್ಕೆ ಯಾರ ಟೆನ್ಷನ್ ಇಳಿದಿದೆ? ದಿನಾ ಮಾತ್ರೆ, ದಿನಾ ಊಟದ ಲೆಕ್ಕ, ಹಬ್ಬಕ್ಕೂ ರಜೆ ಇಲ್ಲ. ಬೇಸರ ಬಂದೇ ಬರುತ್ತದೆ. ಇದಕ್ಕೆ ಡಯಾಬಿಟಿಸ್ ಡಿಸ್ಟ್ರೆಸ್ ಎನ್ನುತ್ತೇವೆ. ಖಿನ್ನತೆಯೇ ಆಗಿರಬೇಕೆಂದಿಲ್ಲ.

ಆದರೆ ಸಿಟ್ಟು ಮನೆಯವರ ಮೇಲೆ, ಶಿಕ್ಷೆ ನಿಮ್ಮ ಕಣ್ಣು, ಕಾಲು, ಕಿಡ್ನಿಗೆ. ಇದ್ಯಾವ ನ್ಯಾಯ?

ನಂಬರ್ ಏರಲು ಹೋಳಿಗೆಯೇ ಬೇಕಿಲ್ಲ. ನಿದ್ದೆಗೆಟ್ಟರೆ, ಜ್ವರ ಬಂದರೆ, ಜಗಳವಾದರೂ ಏರಬಹುದು. ಮನಸ್ಸು ಕುದಿಯುವಾಗ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ಬೈಯುವ ಮಕ್ಕಳಿಗೆ ಇದನ್ನು ಓದಿಸಿ. ಒಂದು ದಿನದ ನಂಬರಿಗೆ ಪಂಚಾಯಿತಿ ಬೇಡ. ಎರಡು ಮೂರು ತಿಂಗಳ ಸರಾಸರಿ ಹೇಳಲು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇದೆ.

ಬರೀ ಮಾತ್ರೆಯಲ್ಲಿರುವ ಎಷ್ಟೋ ಜನರಿಗೆ ದಿನಾ ಬೆರಳು ಚುಚ್ಚುವ ಅಗತ್ಯವೇ ಇರುವುದಿಲ್ಲ. ವಾರಕ್ಕೆ ಎಷ್ಟು ಸಲ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನಂಬರ್ ಬರೆಯುವಾಗ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ: "ರಾತ್ರಿ ನಿದ್ದೆ ಇಲ್ಲ", "ಲಗ್ನದ ಊಟ". ಯಾರು ಹೆಚ್ಚು ಬೈಯುತ್ತಾರೋ ಅವರನ್ನೇ ಮುಂದಿನ ಚೆಕಪ್‌ಗೆ ಕರೆದುಕೊಂಡು ಹೋಗಿ. ರಾತ್ರಿ ಊಟವಾದ ಮೇಲೆ ನಿಮ್ಮ ಜೊತೆ ಕಾಲು ಗಂಟೆ ನಡೆಯುವ ಕೆಲಸವೂ ಅವರಿಗೇ ಇರಲಿ. ನಮ್ಮ ಬೇಸಿಗೆಯಲ್ಲಿ ಹಗಲು ವಾಕಿಂಗ್ ಹೊರಡುವ ಹುಚ್ಚು ಮಾತ್ರ ಬೇಡ. ಮದುವೆಯಲ್ಲಿ ಅರ್ಧ ಹೋಳಿಗೆ ತಿನ್ನುವುದಾದರೆ ಎಲ್ಲರೆದುರೇ ತಿನ್ನಿ, ಅನ್ನ ಕಡಿಮೆ ಮಾಡಿ. ಕದ್ದು ತಿಂದರೆ ಲೆಕ್ಕವೇ ಸಿಗುವುದಿಲ್ಲ.

ಇನ್ನೊಂದು. ಇದ್ದಕ್ಕಿದ್ದಂತೆ ಕೈ ನಡುಗಿ, ಬೆವರಿ, ಎದೆ ಹೊಡೆದುಕೊಂಡರೆ "ಟೆನ್ಷನ್" ಎಂದು ಮಲಗಬೇಡಿ. ಶುಗರ್ ಇಳಿದಿರಬಹುದು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಬೀರುವಿನಲ್ಲಿದ್ದರೆ ಇದು ಗೊತ್ತಾಗುವುದು ಹೇಗೆ?

ಎರಡು ವಾರವಾದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಎಂದರೆ ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಸಂಜೆ ಎರಡು ಪೆಗ್ ಹಾಕಿದರೆ ಮನಸ್ಸು ಹಗುರಾಗುತ್ತದೆ. ತಪ್ಪೇ? (ಬೀದರ್)

ಉತ್ತರ: ತಪ್ಪೇ. ಕುಡಿತದಿಂದ ಶುಗರ್ ಇಳಿಯಬಹುದು. ಹಾಗೆ ಇಳಿದು ತೊದಲಿದರೂ ಮನೆಯವರು ನಶೆ ಅಂದುಕೊಂಡು ಸುಮ್ನೆ ಮಲಗಿಸುತ್ತಾರೆ.

ಪ್ರಶ್ನೆ: ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅಲ್ವಾ? (ಸೇಡಂ)

ಉತ್ತರ: ಇಲ್ಲ. ಎಣಿಸಿ ತಿನ್ನಿ.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಪುಡಿ ಕೊಟ್ಟು, ಇನ್ಸುಲಿನ್ ಬಿಡಿ, ಚಿಂತೆಯೂ ಹೋಗುತ್ತದೆ ಎಂದರು. (ಯಾದಗಿರಿ)

ಉತ್ತರ: ಒಳಗೇನಿದೆ ಎಂದು ಬರೆದು ಸಹಿ ಹಾಕಲು ಹೇಳಿ, ಆಸಾಮಿ ಗಂಟು ಕಟ್ಟುತ್ತಾನೆ. ಇನ್ಸುಲಿನ್ ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ತಪ್ಪಿಸಬೇಡಿ.