ಕಾಯಿಲೆ ಗೊತ್ತಾಗುವ ಮೊದಲೇ ಡ್ರಿಪ್ ಹಾಕಿದ್ದು ಸರೀನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 68 ವರ್ಷ. ಹೋದ ತಿಂಗಳು ಇದ್ದಕ್ಕಿದ್ದಂತೆ ತಲೆ ಸುತ್ತಿ ಬಿದ್ದರು. ಕೈಕಾಲು ತಣ್ಣಗಾಗಿತ್ತು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ‘ಬಿಪಿ 70/40 ಇದೆ, ಶಾಕ್‌ನಲ್ಲಿದ್ದಾರೆ, ಕಾರಣ ಇನ್ನೂ ಗೊತ್ತಿಲ್ಲ’ ಎಂದರು. ಆದರೂ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಿಗೇ ಅದನ್ನು ನಿಲ್ಲಿಸಿ ಬೇರೆ ಔಷಧಿ ಶುರು ಮಾಡಿದರು. ಹೃದಯ ಸೋತಿತ್ತು ಎಂದು ಹೇಳಿದ್ದು ಆಮೇಲೆ. ಈಗ ಹುಷಾರಾಗಿದ್ದಾರೆ. ಕಾಯಿಲೆ ಗೊತ್ತಿಲ್ಲದೆ ಹೀಗೆ ಚಿಕಿತ್ಸೆ ಕೊಡಬಹುದಾ?

ಉತ್ತರ: ಕೊಡಲೇಬೇಕು. ಕಾರಣ ಸಿಗಲಿ ಅಂತ ಸುಮ್ನೆ ಕಾದಿದ್ದರೆ ಬೈಯಬೇಕಿತ್ತು.

ಶಾಕ್ ಅಂದರೆ ಕರೆಂಟ್ ಹೊಡೆಯುವುದಲ್ಲ, ಕೆಟ್ಟ ಸುದ್ದಿ ಕೇಳಿ ಆಗುವ ಗಾಬರಿಯೂ ಅಲ್ಲ. ಮಿದುಳು, ಕಿಡ್ನಿ, ಕರುಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ. ಮೈಯಿಂದ ರಕ್ತವೋ ನೀರೋ ಹರಿದುಹೋಗಿರಬಹುದು. ಹೃದಯ ಸೋತಿರಬಹುದು. ಸೋಂಕು ಅಥವಾ ಅಲರ್ಜಿಯಿಂದ ರಕ್ತನಾಳಗಳು ಸಡಿಲವಾಗಿರಬಹುದು. ಇಲ್ಲವೇ ಹೃದಯದ ಸುತ್ತ ನೀರು ತುಂಬಿಯೋ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡೋ ರಕ್ತದ ದಾರಿಯೇ ಕಟ್ಟಿರಬಹುದು. ಮೊದಲ ನೋಟಕ್ಕೆ ಇವನ್ನು ಬೇರೆ ಮಾಡುವುದು ಕಷ್ಟ. ಎರಡು ಒಟ್ಟಿಗೇ ಇದ್ದರಂತೂ ಕೇಳಲೇಬೇಡಿ. ಅದಕ್ಕೇ ಇಸಿಜಿ, ರಕ್ತ ಪರೀಕ್ಷೆ, ಹಾಸಿಗೆ ಪಕ್ಕದಲ್ಲೇ ಹೃದಯ, ಹೊಟ್ಟೆಯ ಅಲ್ಟ್ರಾಸೌಂಡ್ ಎಲ್ಲವೂ ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತವೆ.

ಇನ್ನು ಡ್ರಿಪ್ ನಿಲ್ಲಿಸಿದ್ದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಇಂಥದ್ದೇ ಸ್ಥಿತಿಯಲ್ಲಿ ಬಂದರು. ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂದುಕೊಂಡು ಒಂದರ ಹಿಂದೆ ಒಂದು ಮೂರು ಬಾಟಲಿ ಸಲೈನ್ ಬಿಟ್ಟೆ. ನಡುವೆ ಒಮ್ಮೆಯೂ ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ಮೂರನೆಯದು ಮುಗಿಯುವಷ್ಟರಲ್ಲಿ ಅವರು ಮಲಗಲಾಗದೆ ಎದ್ದು ಕೂತು ಏದುಸಿರು ಬಿಡುತ್ತಿದ್ದರು. ಸೋತಿದ್ದ ಹೃದಯಕ್ಕೆ ಅಷ್ಟು ನೀರು ತಳ್ಳಲಾಗದೆ ಶ್ವಾಸಕೋಶ ತುಂಬಿಕೊಂಡಿತ್ತು. ಅವರು ಬದುಕಿದ್ದು ಸೀನಿಯರ್ ಒಬ್ಬರು ಓಡಿ ಬಂದಿದ್ದರಿಂದ.

ಈಗ 250ರಿಂದ 500 ಮಿಲಿ ಕೊಟ್ಟು ನಿಲ್ಲಿಸಿ ನೋಡುತ್ತೇನೆ. ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಟ್ಟರೆ 3 ಸೆಕೆಂಡ್ ಒಳಗೆ ಬಣ್ಣ ವಾಪಸ್ ಬರಬೇಕು. ಮೊಣಕಾಲು ಮುಟ್ಟಿಯೂ ನೋಡುತ್ತೇನೆ, ತಣ್ಣಗಿದ್ದರೆ ನನಗೆ ಸಮಾಧಾನವಿಲ್ಲ. ಹೀಗೆ ಆ ಡ್ರಿಪ್ ಔಷಧಿಯೂ ಹೌದು, ಪರೀಕ್ಷೆಯೂ ಹೌದು. ನಿಮ್ಮ ತಂದೆಯವರಿಗೆ ಅದರಿಂದ ಉಪಯೋಗ ಆಗುತ್ತಿಲ್ಲ ಅನ್ನುವುದನ್ನು ಅಲ್ಲಿದ್ದವರು ಬೇಗ ಗಮನಿಸಿದ್ದಾರೆ. ಎರಡನೆಯ ಔಷಧಿ ಬಹುಶಃ ನಾರ್‌ಅಡ್ರಿನಲಿನ್. ರಕ್ತನಾಳ ಬಿಗಿ ಮಾಡಿ ಸರಾಸರಿ ಒತ್ತಡವನ್ನು (ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವ ಲೆಕ್ಕ) 65ರ ಹತ್ತಿರ ತರುತ್ತದೆ. ತುರ್ತಿದ್ದರೆ ಕೈಯ ರಕ್ತನಾಳದಲ್ಲೇ ಶುರು ಮಾಡಬಹುದು.

ಅಂದಹಾಗೆ, ಅವರು ನುಂಗುವ ಮಾತ್ರೆಗಳ ಚೀಟಿ ಒಯ್ದಿದ್ದಿರಾ? ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಶಾಕ್‌ನಲ್ಲೂ ನಾಡಿ ಜೋರಾಗುವುದಿಲ್ಲ. ನಾವು ಮೋಸ ಹೋಗುವುದು ಅಲ್ಲೇ.